ಠಾಣೆಯಿಂದ ಬರಿಗೈಯಲ್ಲಿ ಹೊರಡಬೇಡಿ: ದೂರು, ನೋಟಿಸು, ಬಂಧನ – ಯಾವ ಹಂತದಲ್ಲಿ ಯಾವ ಕಾಗದ ಕೇಳಬೇಕು

ಮಂಗಳೂರು, ಉಡುಪಿ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಠಾಣೆಗೆ ಹೋದರೆ ದೂರು ತೆಗೆದುಕೊಳ್ಳಲಿಲ್ಲ, ಇನ್ನೇನು ದಾರಿ? ಸ್ಟೇಷನ್ನಿನಿಂದ ಫೋನ್ ಬಂದಿದೆ, ಹೋಗಲೇಬೇಕಾ? ಮನೆಯವರನ್ನು ಕರೆದುಕೊಂಡು ಹೋಗಿದ್ದಾರೆ, ಎಲ್ಲಿದ್ದಾರೆಂದು ಹೇಳುತ್ತಿಲ್ಲ, ಯಾರನ್ನು ಕೇಳುವುದು?

ಮೂರಕ್ಕೂ ಕಾನೂನಿನಲ್ಲಿ ಸ್ಪಷ್ಟ ಉತ್ತರ ಇದೆ. ಹಕ್ಕು ಇದ್ದೂ ಜನ ಸೋಲುವುದು ಒಂದೇ ಕಡೆ: ಎಲ್ಲವೂ ಬಾಯಿಮಾತಿನಲ್ಲಿ ನಡೆದುಹೋಗುತ್ತದೆ. ಆರು ತಿಂಗಳ ನಂತರ ನ್ಯಾಯಾಲಯವೋ ಆಯೋಗವೋ "ನೀವು ಠಾಣೆಗೆ ಹೋಗಿದ್ದಕ್ಕೆ ಏನು ದಾಖಲೆ?" ಎಂದು ಕೇಳಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿ ಹಂತದಲ್ಲೂ ನಿಮ್ಮ ಕೈಗೆ ಬರಬೇಕಾದ ಕಾಗದ ಯಾವುದು, ಕೊಡದಿದ್ದರೆ ಮುಂದೆ ಯಾರ ಬಳಿ ಹೋಗಬೇಕು ಎಂಬುದನ್ನೇ ಹಿಡಿದು ಬರೆದಿದ್ದೇವೆ.

ಮೊದಲಿಗೆ ಕಲಂ ಸಂಖ್ಯೆಗಳ ಗೊಂದಲ ಬಗೆಹರಿಸಿಕೊಳ್ಳೋಣ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್‌) ಬಂದಿದೆ. ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್‌) ಬಂದಿದೆ. ಹಳೆಯ 154 ಈಗ 173, ಹಳೆಯ 41ಎ ಈಗ 35(3), ಹಳೆಯ 160 ಈಗ 179. ಕೆಳಗೆ ಬರೀ ಕಲಂ ಸಂಖ್ಯೆ ಹೇಳಿದ್ದರೆ ಅದು ಬಿಎನ್‌ಎಸ್‌ಎಸ್‌ನದು ಎಂದು ತಿಳಿಯಿರಿ.

1. ನಿಮ್ಮ ಠಾಣೆಯ ಮೇಲಿನ ಅಧಿಕಾರಿ ಯಾರು?

ಠಾಣೆಯಲ್ಲಿ ಕೆಲಸ ಆಗದಿದ್ದರೆ ಮೇಲಿನವರಿಗೆ ಬರೆಯಬೇಕು. ಆ "ಮೇಲಿನವರು" ಯಾರೆಂಬುದು ದಕ್ಷಿಣ ಕನ್ನಡದಲ್ಲಿ ಎರಡು ಬಗೆ. ಮಂಗಳೂರು ನಗರ ಪೊಲೀಸ್ ಕಮಿಷನರೇಟ್ 2010ರಲ್ಲಿ ಬೇರೆಯಾಯಿತು. ಪಾಂಡೇಶ್ವರ, ಬಂದರು, ಕದ್ರಿ, ಉರ್ವ, ಕಂಕನಾಡಿ, ಕಾವೂರು, ಪಣಂಬೂರು, ಸುರತ್ಕಲ್, ಬಜ್ಪೆ, ಉಳ್ಳಾಲ, ಕೊಣಾಜೆಯಷ್ಟೇ ಅಲ್ಲ, ಮೂಲ್ಕಿ ಮತ್ತು ಮೂಡುಬಿದಿರೆ ಠಾಣೆಗಳೂ ಅದರ ಕೆಳಗೇ ಬರುತ್ತವೆ. ಇಲ್ಲಿ ಇನ್‌ಸ್ಪೆಕ್ಟರ್ ಮೇಲೆ ಎಸಿಪಿ, ಅವರ ಮೇಲೆ ಡಿಸಿಪಿ, ಕೊನೆಗೆ ಕಮಿಷನರ್. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಕಡಬ, ಉಪ್ಪಿನಂಗಡಿ, ವಿಟ್ಲ ಕಡೆಯವರಿಗೆ ಡಿವೈಎಸ್‌ಪಿ, ನಂತರ ದಕ್ಷಿಣ ಕನ್ನಡ ಜಿಲ್ಲಾ ಎಸ್‌ಪಿ. ಉಡುಪಿ ಜಿಲ್ಲೆಯಲ್ಲಿ ಬೈಂದೂರಿನಿಂದ ಪಡುಬಿದ್ರಿಯವರೆಗೆ ಒಬ್ಬರೇ ಎಸ್‌ಪಿ. ಮೂಡುಬಿದಿರೆಯವರು ಜಿಲ್ಲಾ ಎಸ್‌ಪಿಗೆ ಬರೆದು, ಅರ್ಜಿ ಅಲ್ಲಿಂದ ಇಲ್ಲಿಗೆ ಅಲೆದು ದಿನ ಕಳೆಯುವುದು ಸಾಮಾನ್ಯ ತಪ್ಪು.

ರೈಲಿನೊಳಗೆ ಅಥವಾ ನಿಲ್ದಾಣದಲ್ಲಿ ನಡೆದ ಕಳ್ಳತನ ರೈಲ್ವೆ ಪೊಲೀಸರದು. ಆನ್‌ಲೈನ್ ವಂಚನೆಯಾದರೆ ಮೊದಲು 1930ಕ್ಕೆ ಕರೆ ಮಾಡಿ ಹಣ ತಡೆಹಿಡಿಸಿ, ಆಮೇಲೆ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಠಾಣೆಗೆ ಹೋಗಿ.

ಆದರೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಮಾತು ದೂರು ನಿರಾಕರಿಸಲು ಕಾರಣವಲ್ಲ. ಕಲಂ 173(1) ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಸೊನ್ನೆ ಸಂಖ್ಯೆ ಹಾಕಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಇದಕ್ಕೆ ಜನ ಜೀರೋ ಎಫ್‌ಐಆರ್ ಎನ್ನುತ್ತಾರೆ. ಕಾಸರಗೋಡಿನಿಂದ ಬಸ್ಸಿನಲ್ಲಿ ಬರುವಾಗ ಮಂಜೇಶ್ವರದಲ್ಲಿ ಬ್ಯಾಗ್ ಕಳವಾಗಿ, ಗೊತ್ತಾದದ್ದು ಸ್ಟೇಟ್‌ಬ್ಯಾಂಕಿನಲ್ಲಿ ಇಳಿದಾಗ ಎಂದಿಟ್ಟುಕೊಳ್ಳಿ. ತಲಪಾಡಿ ದಾಟಿ ಮತ್ತೆ ಕೇರಳಕ್ಕೆ ಹೋಗಬೇಕಿಲ್ಲ, ಮಂಗಳೂರಿನಲ್ಲೇ ಕೊಡಬಹುದು.

2. ದೂರನ್ನು ಮನೆಯಲ್ಲೇ ಬರೆದುಕೊಂಡು ಹೋಗಿ

ಬಾಯಿಮಾತಿನಲ್ಲಿ ಹೇಳಿದರೂ ಪೊಲೀಸರು ಬರೆದುಕೊಂಡು ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಆದರೂ ನೀವೇ ಬರೆದು ಒಯ್ಯುವುದು ಮೇಲು. ರೈಟರ್ (ಠಾಣೆಯ ಬರವಣಿಗೆ ನೋಡಿಕೊಳ್ಳುವ ಸಿಬ್ಬಂದಿ) ಬರೆದಾಗ ಮುಖ್ಯ ವಿಷಯ ಬಿಟ್ಟುಹೋಗುವುದುಂಟು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು ಗಡಿಬಿಡಿಯಲ್ಲಿ ಹೇಳಿದ್ದು ಕಾಗದದ ಮೇಲೆ ಬೇರೆಯೇ ಆಗಿಬಿಡುವುದೂ ಉಂಟು.

ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಬೇಡ, ಶುಲ್ಕವಿಲ್ಲ. ಎರಡು ಪ್ರತಿ ಮಾಡಿ. ಹೆಸರು, ವಯಸ್ಸು, ವಿಳಾಸ, ಫೋನ್ ಸಂಖ್ಯೆಯ ನಂತರ ಘಟನೆಯ ದಿನಾಂಕ, ಗಂಟೆ, ಜಾಗ ಬರೆಯಿರಿ. ಜಾಗಕ್ಕೆ ಗುರುತು ಇರಲಿ: ಯಾವ ಬಸ್‌ಸ್ಟಾಪ್, ಯಾವ ದೈವಸ್ಥಾನದ ಎದುರು, ಯಾವ ಅಂಗಡಿಯ ಪಕ್ಕ. ನಂತರ ಏನಾಯಿತು ಎಂಬುದನ್ನು ಆದ ಕ್ರಮದಲ್ಲೇ ಬರೆಯಿರಿ. ಬೆದರಿಕೆ ಹಾಕಿದ್ದರೆ ಅವರು ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ತುಳುವಾದರೆ ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಸಾಕ್ಷಿಗಳ ಹೆಸರು, ಗಾಯ ಅಥವಾ ನಷ್ಟದ ವಿವರ ಸೇರಿಸಿ. ಕೊನೆಗೆ "ಪ್ರಕರಣ ದಾಖಲಿಸಿ ಕಾನೂನು ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ" ಎಂದಿದ್ದರೆ ಆಯಿತು. ಕಲಂ ಹುಡುಕಿ ಬರೆಯುವುದು ನಿಮ್ಮ ಕೆಲಸವಲ್ಲ.

ಇಲ್ಲಿ ಆಗುವ ತಪ್ಪುಗಳನ್ನು ಸ್ವಲ್ಪ ಗಮನಿಸಿ. ತಡವಾಗಿ ಹೋಗಿದ್ದರೆ ಕಾರಣ ಬರೆಯದೆ ಬಿಡಬೇಡಿ. ಆಸ್ಪತ್ರೆಯಲ್ಲಿದ್ದೆ, ಊರಿನಲ್ಲಿರಲಿಲ್ಲ, ಹೆದರಿದ್ದೆ, ಯಾವುದಿದ್ದರೂ ಅದು ಬರಹದಲ್ಲಿರಲಿ. ಯಾರೆಂದು ಗೊತ್ತಿಲ್ಲದಿದ್ದರೆ "ಅಪರಿಚಿತರು" ಎನ್ನಿ, ಅನುಮಾನದ ಮೇಲೆ ಹೆಸರು ಸೇರಿಸಬೇಡಿ. ಸುಳ್ಳು ಮಾಹಿತಿ ಕೊಡುವುದು ಬಿಎನ್‌ಎಸ್ ಕಲಂ 217ರ ಅಪರಾಧ. ಫೋನಿನಲ್ಲಿರುವ ವಿಡಿಯೊ, ಮೆಸೇಜುಗಳನ್ನು ಬೇರೆಯವರಿಗೆ ಕಳುಹಿಸಿ ಮೂಲವನ್ನು ಅಳಿಸಬೇಡಿ. ನ್ಯಾಯಾಲಯಕ್ಕೆ ಮುಂದೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದ ಜೊತೆ ಕೊಡಬೇಕಾಗುತ್ತದೆ, ಅದಕ್ಕೆ ಮೂಲ ಫೋನೇ ಬೇಕಾಗಬಹುದು.

ಜಾಗದ ಗಡಿ, ಬಾಡಿಗೆ, ಕೈಸಾಲದ ತಕರಾರುಗಳನ್ನು "ಸಿವಿಲ್ ಸ್ವರೂಪದ್ದು" ಎಂದು ಠಾಣೆಯವರು ಹಿಂದಿರುಗಿಸುತ್ತಾರೆ. ಹೆಚ್ಚಿನ ಸಲ ಅದು ಸರಿಯೇ, ಹಣ ವಸೂಲಿ ಪೊಲೀಸರ ಕೆಲಸವಲ್ಲ. ಆದರೆ ಆ ಜಗಳದಲ್ಲಿ ಬೇಲಿ ಕಡಿದಿದ್ದರೆ, ಹೊಡೆದಿದ್ದರೆ, ಅಡಿಕೆ ಕೊಯ್ದು ಒಯ್ದಿದ್ದರೆ ಆ ಭಾಗ ಅಪರಾಧವೇ. ದೂರಿನಲ್ಲಿ ಅದನ್ನು ಮೊದಲು ಬರೆದು ಗಡಿಯ ಇತಿಹಾಸವನ್ನು ಎರಡು ಸಾಲಿಗೆ ಇಳಿಸಿ.

3. ದೂರು ಕೊಟ್ಟ ಮೇಲೆ ನಿಮ್ಮ ಕೈಗೆ ಬರಬೇಕಾದದ್ದು

ಅಪರಾಧಗಳಲ್ಲಿ ಎರಡು ಬಗೆ. ಪೊಲೀಸರು ನ್ಯಾಯಾಲಯದ ಅನುಮತಿ ಇಲ್ಲದೆ ತನಿಖೆ ಶುರು ಮಾಡಬಹುದಾದದ್ದು ಸಂಜ್ಞೇಯ ಅಪರಾಧ: ಕಳ್ಳತನ, ದರೋಡೆ, ಅಪಹರಣ, ಅತ್ಯಾಚಾರ, ಕೊಲೆ ಯತ್ನ, ವಂಚನೆ ಇತ್ಯಾದಿ. ಅನುಮತಿ ಬೇಕಾದದ್ದು ಅಸಂಜ್ಞೇಯ: ಆಯುಧವಿಲ್ಲದೆ ಮಾಡಿದ ಸಣ್ಣಪುಟ್ಟ ಹಲ್ಲೆ, ಮಾನನಷ್ಟದಂಥವು.

ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ, ದಾಖಲಿಸುವುದು ಕಡ್ಡಾಯ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ಇದನ್ನು ತೀರ್ಮಾನಿಸಿದೆ. ದೂರು ನಿಜವೇ ಎಂದು ಮೊದಲು ನೋಡಿ ಆಮೇಲೆ ದಾಖಲಿಸುತ್ತೇವೆ ಎನ್ನುವಂತಿಲ್ಲ. ಹೊಸ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. "ವಿಚಾರಣೆ ಮಾಡುತ್ತಿದ್ದೇವೆ" ಎಂದು ತಿಂಗಳುಗಟ್ಟಲೆ ಎಳೆಯುವುದು ಈ ವಿನಾಯಿತಿಯ ದುರುಪಯೋಗ. ಹಾಗೆ ಹೇಳಿದರೆ ಯಾವ ದಿನ ಅನುಮತಿ ಪಡೆದಿರಿ ಎಂದು ಕೇಳಿ, ಆ ದಿನಾಂಕ ಗುರುತಿಟ್ಟುಕೊಂಡು 14 ದಿನ ಎಣಿಸಿ.

ಎಫ್‌ಐಆರ್ ಆದರೆ ಅದರ ಪ್ರತಿ ತಕ್ಷಣ, ಉಚಿತವಾಗಿ ನಿಮಗೆ ಸಿಗಬೇಕು. ಕಲಂ 173(2) ಪ್ರಕಾರ ದೂರುದಾರ ಬೇರೆ, ಸಂತ್ರಸ್ತ ಬೇರೆ ಆಗಿದ್ದರೆ ಸಂತ್ರಸ್ತರೂ ಕೇಳಬಹುದು. ಸಹಿ ಮಾಡುವ ಮೊದಲು ಅಪರಾಧ ಕ್ರಮಾಂಕ, ಹಾಕಿದ ಕಲಂಗಳು, ನೀವು ಠಾಣೆಗೆ ಬಂದ ದಿನ ಮತ್ತು ಗಂಟೆ ನೋಡಿ. ನೀವು ನಿನ್ನೆ ಬೆಳಿಗ್ಗೆ ಬಂದು ಕಾದಿದ್ದು, ಎಫ್‌ಐಆರ್‌ನಲ್ಲಿ ಇವತ್ತು ಸಂಜೆ ಬಂದಿರೆಂದು ಇದ್ದರೆ ತಿದ್ದಿಸಿ. ಮುಂದೆ ಎದುರು ವಕೀಲರು ಮೊದಲು ಎತ್ತುವುದೇ ಈ ತಡದ ಪ್ರಶ್ನೆಯನ್ನು.

ಅಸಂಜ್ಞೇಯವಾದರೆ ಕಲಂ 174ರಂತೆ ಪುಸ್ತಕದಲ್ಲಿ ಬರೆದು ಎನ್‌ಸಿಆರ್ (ಅಸಂಜ್ಞೇಯ ವರದಿ) ಸಂಖ್ಯೆ ಕೊಟ್ಟು, ಮ್ಯಾಜಿಸ್ಟ್ರೇಟರ ಬಳಿ ಹೋಗುವಂತೆ ಹಿಂಬರಹ ಕೊಡುತ್ತಾರೆ. ಹಿಂಬರಹವೆಂದರೆ ನಿಮ್ಮ ಅರ್ಜಿಗೆ ಠಾಣೆಯ ಲಿಖಿತ ಉತ್ತರ. ಅದನ್ನೂ ಜೋಪಾನವಾಗಿಡಿ.

ಕಳವಾದ ಫೋನು, ಪರ್ಸು, ಆಭರಣಕ್ಕೆ ಬಹಳ ಜನ ಸಿಕ್ಕಿಬೀಳುವ ಗುಂಡಿಯೊಂದಿದೆ. "ಕಳೆದುಹೋಯಿತು ಎಂದು ಬರೆಯಿರಿ, ಬೇಗ ಆಗುತ್ತದೆ" ಎನ್ನುತ್ತಾರೆ. ಕಳೆದುಹೋದದ್ದಕ್ಕೆ ಬರೀ ಸ್ವೀಕೃತಿ ಸಿಗುತ್ತದೆ, ತನಿಖೆ ಇರುವುದಿಲ್ಲ, ವಿಮೆಯವರು ಆ ಚೀಟಿ ನೋಡಿ ಕಳ್ಳತನದ ಪರಿಹಾರ ನಿರಾಕರಿಸಬಹುದು. ಕದ್ದದ್ದಾದರೆ ಕದ್ದದ್ದೆಂದೇ ಬರೆಯಿರಿ.

ಇಮೇಲ್ ಮೂಲಕವೂ ದೂರು ಕೊಡಬಹುದು, ಆದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಸಹಿಯಾಗದೆ ಅದು ದಾಖಲಾಗುವುದಿಲ್ಲ.

ಲೈಂಗಿಕ ಅಪರಾಧದ ದೂರನ್ನು ಸಂತ್ರಸ್ತೆ ತಾನೇ ಹೇಳುವುದಾದರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇಂಥ ದೂರನ್ನು ದಾಖಲಿಸದ ಅಧಿಕಾರಿಗೆ ಬಿಎನ್‌ಎಸ್ ಕಲಂ 199ರಲ್ಲಿ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದ ದೂರಿಗೆ ಪ್ರಾಥಮಿಕ ವಿಚಾರಣೆಯ ನೆಪವೇ ಇಲ್ಲ, ಆ ಕಾಯ್ದೆಯ ಕಲಂ 18ಎ ಅದನ್ನು ತೆಗೆದುಹಾಕಿದೆ. ನಮ್ಮ ಎರಡೂ ಜಿಲ್ಲೆಗಳ ಕೊರಗ ಸಮುದಾಯದವರು ಇದನ್ನು ತಿಳಿದಿರಲೇಬೇಕು. ಅವರನ್ನು ಬರೀ ಸಮಾಧಾನ ಹೇಳಿ ಕಳಿಸುವುದು ಕಾನೂನಿನ ಕಣ್ಣಲ್ಲಿ ಕರ್ತವ್ಯಲೋಪ, ಅದೇ ಕಾಯ್ದೆಯ ಕಲಂ 4ರಲ್ಲಿ ಅದಕ್ಕೆ ಶಿಕ್ಷೆಯಿದೆ.

4. ದೂರು ತೆಗೆದುಕೊಳ್ಳದಿದ್ದರೆ

ಜಗಳಕ್ಕೆ ನಿಲ್ಲಬೇಡಿ. "ಸರ್, ಅರ್ಜಿ ತೆಗೆದುಕೊಂಡು ಎರಡನೇ ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಕೊಡಿ" ಎಂದಷ್ಟೇ ಕೇಳಿ. ಕೊಟ್ಟರೆ ಅದೇ ನಿಮ್ಮ ಮೊದಲ ದಾಖಲೆ. ಕೊಡದಿದ್ದರೆ ಆ ದಿನವೇ ಠಾಣಾಧಿಕಾರಿಯ ಹೆಸರಿಗೆ ಅದೇ ದೂರನ್ನು ಅಂಚೆಯಲ್ಲಿ ಕಳುಹಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿದೆ, ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ದಾಖಲೆ ಬೇಕೆಂದು ಕೌಂಟರಿನಲ್ಲೇ ಹೇಳಿ. ರಶೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಫೋಟೊ ತೆಗೆದಿಡಿ.

ಮುಂದಿನ ಮೆಟ್ಟಿಲು ಕಲಂ 173(4). ದೂರಿನ ಸಾರವನ್ನು ಬರೆದು ಎಸ್‌ಪಿಗೆ (ನಗರದಲ್ಲಿ ಕಮಿಷನರಿಗೆ) ಅಂಚೆಯ ಮೂಲಕ ಕಳುಹಿಸಬೇಕು. ಇದರ ಜೊತೆ ಮೂಲ ದೂರಿನ ಪ್ರತಿ, ಠಾಣೆಗೆ ಹೋದ ದಿನ ಮತ್ತು ಗಂಟೆ, ನೀವು ಮಾತಾಡಿದ ಸಿಬ್ಬಂದಿಯ ಹುದ್ದೆ, ಅವರು ಹೇಳಿದ ಕಾರಣ ಇರಲಿ. ಅವರ ಕಚೇರಿಗೆ ಖುದ್ದಾಗಿ ಹೋಗಿ ಕೊಟ್ಟರೂ ಅಂಚೆಯಲ್ಲಿ ಒಂದು ಪ್ರತಿ ಹೋಗಲಿ, ಕಾನೂನಿನ ಮಾತಿನಲ್ಲೇ "ಅಂಚೆ" ಇದೆ.

ಅಲ್ಲಿಂದಲೂ ಏನೂ ಆಗದಿದ್ದರೆ ನಿಮ್ಮ ಠಾಣೆಯ ವ್ಯಾಪ್ತಿಯ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ ನ್ಯಾಯಾಲಯಕ್ಕೆ ಕಲಂ 175(3)ರ ಅರ್ಜಿ. ಮಂಗಳೂರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆ, ಉಡುಪಿ, ಕುಂದಾಪುರ, ಕಾರ್ಕಳದಲ್ಲಿ ಈ ನ್ಯಾಯಾಲಯಗಳಿವೆ. ಅರ್ಜಿಯ ಜೊತೆ ಪ್ರಮಾಣಪತ್ರ (ಅಫಿಡವಿಟ್) ಕಡ್ಡಾಯ. ಎಸ್‌ಪಿಗೆ ಬರೆದ ಹಂತ ಬಿಟ್ಟು ನೇರ ನ್ಯಾಯಾಲಯಕ್ಕೆ ಹೋದರೆ, ಇಲ್ಲವೇ ಅಂಚೆ ರಶೀದಿ ಕಳೆದುಕೊಂಡರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಗಟ್ಟಿ ಪ್ರಕರಣಗಳೂ ಇದೊಂದೇ ಕಾರಣಕ್ಕೆ ಸೋಲುತ್ತವೆ.

ಖಾಸಗಿ ದೂರು (ಕಲಂ 223) ಇನ್ನೊಂದು ದಾರಿ. ಅಲ್ಲಿ ಸಾಕ್ಷ್ಯ ತಂದು ಒಪ್ಪಿಸುವ ಹೊರೆ ನಿಮ್ಮದು. ಫೋನ್ ಕರೆ ವಿವರ, ಸಿಸಿಟಿವಿ, ಬ್ಯಾಂಕ್ ದಾಖಲೆ ತೆಗೆಸಬೇಕಾದ ಪ್ರಕರಣಕ್ಕೆ ಪೊಲೀಸ್ ತನಿಖೆಯ ಆದೇಶವನ್ನೇ ಕೇಳುವುದು ಒಳ್ಳೆಯದು.

5. ಠಾಣೆಯಿಂದ ಕರೆ ಬಂದರೆ

"ಒಮ್ಮೆ ಸ್ಟೇಷನ್ನಿಗೆ ಬಂದು ಹೋಗಿ" ಎಂಬ ಫೋನ್ ಕರೆ ಕಾನೂನಿನ ನೋಟಿಸಲ್ಲ. ಹಾಗೆಂದು ಫೋನ್ ಸ್ವಿಚ್‌ಆಫ್ ಮಾಡಿ ಕುಳಿತರೆ "ತಲೆಮರೆಸಿಕೊಂಡಿದ್ದಾರೆ" ಎಂದು ಬರೆದುಕೊಳ್ಳಲು ನೀವೇ ಅವಕಾಶ ಕೊಟ್ಟಂತೆ. ಯಾವ ಪ್ರಕರಣ, ಯಾವ ಕಲಂ, ಸಾಕ್ಷಿಯಾಗಿಯೇ ಆರೋಪಿಯಾಗಿಯೇ ಎಂದು ಕೇಳಿ. ನಂತರ ಅದೇ ಸಂಖ್ಯೆಗೆ ಒಂದು ಮೆಸೇಜು ಕಳುಹಿಸಿ: "ಈ ದಿನ ಇಷ್ಟು ಗಂಟೆಗೆ ನೀವು ಕರೆ ಮಾಡಿದ್ದೀರಿ. ಲಿಖಿತ ನೋಟಿಸು ಕೊಟ್ಟರೆ ಸೂಚಿಸಿದ ದಿನ ಹಾಜರಾಗುತ್ತೇನೆ."

ನೋಟಿಸು ಎರಡು ಬಗೆಯದು, ಕಲಂ ನೋಡಿದರೆ ತಿಳಿಯುತ್ತದೆ. ಕಲಂ 179 ಎಂದಿದ್ದರೆ ನೀವು ಸಾಕ್ಷಿ. ಮಹಿಳೆಯರು, 15 ವರ್ಷದೊಳಗಿನವರು, 60 ವರ್ಷ ಮೀರಿದವರು, ಅಂಗವಿಕಲರು, ತೀವ್ರ ಕಾಯಿಲೆಯಲ್ಲಿರುವವರನ್ನು ಸಾಕ್ಷಿ ಹೇಳಿಕೆಗೆ ಠಾಣೆಗೆ ಕರೆಯುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಕಲಂ 35(3) ಎಂದಿದ್ದರೆ ನಿಮ್ಮ ಮೇಲೆ ಆರೋಪವೋ ಅನುಮಾನವೋ ಇದೆ, ಆದರೆ ಸದ್ಯ ಬಂಧಿಸುತ್ತಿಲ್ಲ ಎಂದರ್ಥ. ಈ ನೋಟಿಸಿಗೆ ತಪ್ಪದೆ ಹಾಜರಾಗಿ. ಹಾಜರಾಗುತ್ತಾ ಇರುವವರೆಗೆ ಲಿಖಿತ ಕಾರಣವಿಲ್ಲದೆ ಬಂಧಿಸುವಂತಿಲ್ಲ, ತಪ್ಪಿಸಿದರೆ ಆ ರಕ್ಷಣೆ ಹೋಗುತ್ತದೆ. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದು, ಖುದ್ದಾಗಿ ಜಾರಿ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನಿರ್ದೇಶಿಸಿದೆ.

ಹೋಗುವಾಗ ಜೊತೆಗೊಬ್ಬರಿರಲಿ. ಒಳಗೆ ಹೋದ ಗಂಟೆ, ಹೊರಬಂದ ಗಂಟೆಯನ್ನು ಮನೆಯವರಿಗೆ ಮೆಸೇಜು ಮಾಡಿ.

ತನಿಖೆಯ ವೇಳೆ ಪೊಲೀಸರ ಎದುರು ಕೊಟ್ಟ ಹೇಳಿಕೆಗೆ ಸಹಿ ಮಾಡಬೇಕಿಲ್ಲ, ಮಾಡಿಸುವಂತೆಯೂ ಇಲ್ಲ (ಕಲಂ 181). ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. "ಸುಮ್ಮನೆ ಒಂದು ಮುಚ್ಚಳಿಕೆ" ಎಂದರೂ ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ. ನಿಮ್ಮ ವಿರುದ್ಧ ನೀವೇ ಸಾಕ್ಷಿಯಾಗಬೇಕಿಲ್ಲ, ಅದು ಸಂವಿಧಾನದ 20(3)ನೇ ವಿಧಿ. ಫೋನ್ ತೆಗೆದುಕೊಂಡರೆ ಜಪ್ತಿ ಮಹಜರು ಕೇಳಿ. ಮಹಜರು ಎಂದರೆ ಪಂಚರ (ಸ್ಥಳೀಯ ಸಾಕ್ಷಿಗಳ) ಎದುರು ಬರೆಯುವ ವರದಿ. ಅದರಲ್ಲಿ ಫೋನಿನ ಐಎಂಇಐ ಸಂಖ್ಯೆ ಇರಬೇಕು. ಶೋಧ ಮತ್ತು ಜಪ್ತಿಯನ್ನು ಧ್ವನಿಸಹಿತ ವಿಡಿಯೊ ಮಾಡಬೇಕೆಂದು ಕಲಂ 105 ಹೇಳುತ್ತದೆ. "ಸ್ವಲ್ಪ ನೋಡಿ ಕೊಡುತ್ತೇವೆ" ಎಂದು ಕಾಗದವಿಲ್ಲದೆ ಇಟ್ಟುಕೊಂಡ ಫೋನು ತಿಂಗಳುಗಟ್ಟಲೆ ಬಾರದಿದ್ದರೆ, ಅದು ಠಾಣೆಯಲ್ಲಿದೆ ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

6. ಬಂಧಿಸಿದರೆ: ಮೊದಲ 24 ಗಂಟೆ

7 ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಯಾಂತ್ರಿಕವಾಗಿ ಬಂಧಿಸಬಾರದು ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ವ್ಯಕ್ತಿ ಅಶಕ್ತರೋ 60 ವರ್ಷ ಮೀರಿದವರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಯವರ ಪೂರ್ವಾನುಮತಿ ಬೇಕು.

ಬಂಧಿಸುವವರ ಎದೆಯ ಮೇಲೆ ಹೆಸರು ಓದುವಂತೆ ಕಾಣಬೇಕು. ಬಂಧನ ಪತ್ರ ಬರೆಯಬೇಕು, ಅದಕ್ಕೆ ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ, ಬಂಧಿತರ ಸಹಿ ಇರಬೇಕು (ಕಲಂ 36). ಅದರಲ್ಲಿ ಬರೆದಿರುವ ಗಂಟೆಯನ್ನು ನೋಡದೆ ಸಹಿ ಮಾಡಬೇಡಿ. ರಾತ್ರಿ 9ಕ್ಕೆ ಕರೆದೊಯ್ದು ಮರುದಿನ ಸಂಜೆ 5ಕ್ಕೆ ಬಂಧಿಸಿದಂತೆ ಬರೆದರೆ 24 ಗಂಟೆಯ ಲೆಕ್ಕವೇ ಬದಲಾಗುತ್ತದೆ. ಗಂಟೆ ತಪ್ಪಾಗಿದ್ದರೆ ನಿಮ್ಮ ಸಹಿಯ ಪಕ್ಕದಲ್ಲೇ ನಿಜವಾದ ಸಮಯ ಬರೆಯಿರಿ.

ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಯಾವ ಅಪರಾಧವೇ ಆಗಿರಲಿ, ಈ ನಿಯಮ ಅನ್ವಯ ಎಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಕ್ಷಣ ಕೊಡಲಾಗದ ಸಂದರ್ಭದಲ್ಲೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಕೊಡಲೇಬೇಕು. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ಕಟ್ಟಡ ಕೆಲಸಗಳಲ್ಲಿ ದುಡಿಯುವ ಹೊರರಾಜ್ಯದವರಿಗೆ ಕನ್ನಡದ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿದರೆ ಈ ನಿಯಮ ಪಾಲಿಸಿದಂತಾಗುವುದಿಲ್ಲ.

ಮನೆಯವರಿಗೋ ಗೆಳೆಯರಿಗೋ ತಿಳಿಸುವುದು ಪೊಲೀಸರ ಹೊಣೆ. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಇದೆ, ಆದರೆ ವಿಚಾರಣೆಯುದ್ದಕ್ಕೂ ಅವರು ಪಕ್ಕದಲ್ಲಿರಬೇಕೆಂದಿಲ್ಲ (ಕಲಂ 38). ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬಹುದು. 18 ವರ್ಷದೊಳಗಿನವರನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22(2)ನೇ ವಿಧಿ, ಕಲಂ 58. ಭಾನುವಾರ, ಹಬ್ಬದ ರಜೆ ಎಂಬುದು ಲೆಕ್ಕಕ್ಕಿಲ್ಲ, ರಜೆಯಲ್ಲೂ ಕರ್ತವ್ಯದ ಮೇಲೆ ಮ್ಯಾಜಿಸ್ಟ್ರೇಟರು ಇರುತ್ತಾರೆ.

ಹೊರಗಿರುವ ಮನೆಯವರು ಮಾಡಬೇಕಾದದ್ದು ಇಷ್ಟು. ಕರೆದೊಯ್ದ ಗಂಟೆ, ವಾಹನದ ಸಂಖ್ಯೆ, ಕಂಡವರ ಹೆಸರು ಬರೆದಿಡಿ. ಠಾಣೆಗೆ ಫೋನ್ ಮಾಡಿ, ಜಿಲ್ಲಾ ಅಥವಾ ನಗರ ಪೊಲೀಸ್ ಕಂಟ್ರೋಲ್ ರೂಮಿನಲ್ಲೂ ವಿಚಾರಿಸಿ. ಬಂಧಿತರ ಮಾಹಿತಿ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರನ್ನು ನೇಮಿಸಿರಬೇಕು (ಕಲಂ 37), ಅವರನ್ನೇ ಕೇಳಿ. ಅಲ್ಲೆಲ್ಲೂ ಉತ್ತರ ಸಿಗದಿದ್ದರೆ ತಕ್ಷಣ ಎಸ್‌ಪಿ ಅಥವಾ ಕಮಿಷನರಿಗೆ ಇಮೇಲ್ ಕಳುಹಿಸಿ: ಯಾರನ್ನು, ಎಲ್ಲಿಂದ, ಎಷ್ಟು ಗಂಟೆಗೆ. ಆ ಇಮೇಲಿನ ಮೇಲಿರುವ ಸಮಯವನ್ನು ಆಮೇಲೆ ಯಾರೂ ತಿದ್ದಲಾರರು. 24 ಗಂಟೆ ಮೀರಿದರೆ ಹತ್ತಿರದ ಜೆಎಂಎಫ್‌ಸಿ ಮುಂದೆ ಕಲಂ 100ರ ಅರ್ಜಿ ಹಾಕಬಹುದು. ಅಕ್ರಮ ಬಂಧನದಲ್ಲಿದ್ದಾರೆಂದು ಮ್ಯಾಜಿಸ್ಟ್ರೇಟರಿಗೆ ನಂಬಲು ಕಾರಣ ಕಂಡರೆ ಶೋಧ ವಾರಂಟ್ ಹೊರಡಿಸುತ್ತಾರೆ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ ಎಂಬ ರಿಟ್) ಹಾಕುವುದಾದರೆ ನಮ್ಮ ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ, ಧಾರವಾಡಕ್ಕಲ್ಲ.

7. ಹೊಡೆದಿದ್ದರೆ

ತಡ ಮಾಡಿದರೆ ಕೈತಪ್ಪುವುದು ಇದೇ. ಬಂಧಿತರನ್ನು ವೈದ್ಯರು ಪರೀಕ್ಷಿಸಿ ವರದಿಯ ಪ್ರತಿ ಕೊಡಬೇಕೆಂದು ಕಲಂ 53 ಹೇಳುತ್ತದೆ. ಪೊಲೀಸರು ಪಕ್ಕದಲ್ಲಿ ನಿಂತಿದ್ದಾರೆಂದು ಹೆದರಿ "ಜಾರಿ ಬಿದ್ದೆ" ಎಂದುಬಿಟ್ಟರೆ ಆ ಒಂದು ಸಾಲು ಕೊನೆಯವರೆಗೂ ಕಾಡುತ್ತದೆ. ಯಾರು, ಯಾವುದರಿಂದ, ಯಾವಾಗ, ಎಲ್ಲಿಗೆ ಹೊಡೆದರು ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಅಂಗಾಲಿಗೆ ಹೊಡೆದರೆ ಮೇಲ್ನೋಟಕ್ಕೆ ಗುರುತು ಕಾಣದಿರಬಹುದು, ಅಂಗಾಲು ನೋಡಿ ಎಂದು ನೀವೇ ಕೇಳಬೇಕು. ಕಿವಿಗೆ ಹೊಡೆತ ಬಿದ್ದಿದ್ದರೆ ಕಿವಿಯ ತಪಾಸಣೆಯನ್ನೂ ಕೇಳಿ.

ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ, ಅವರು ಕೇಳದಿದ್ದರೂ, ಹೇಳಿ. ಅದು ನ್ಯಾಯಾಲಯದ ದಾಖಲೆಯಲ್ಲಿ ಬರುತ್ತದೆ. ಜೈಲಿಗೆ ಕಳುಹಿಸಿದರೆ, ಮಂಗಳೂರಿನ ಕೊಡಿಯಾಲಬೈಲ್ ಆಗಲಿ ಉಡುಪಿಯ ಹಿರಿಯಡಕ ಆಗಲಿ, ಒಳಗೆ ಸೇರಿಸಿಕೊಳ್ಳುವ ವೇಳೆಯ ವೈದ್ಯಕೀಯ ತಪಾಸಣೆಯಲ್ಲೂ ಗಾಯಗಳನ್ನು ಬರೆಸಿ.

ಬಿಟ್ಟು ಕಳುಹಿಸಿದ್ದರೆ ಅದೇ ದಿನ ವೆನ್ಲಾಕ್, ಅಜ್ಜರಕಾಡು ಜಿಲ್ಲಾಸ್ಪತ್ರೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಂಎಲ್‌ಸಿ ಮಾಡಿಸಿ. ಅಪರಾಧದಿಂದ ಆದ ಗಾಯವೆಂದು ಆಸ್ಪತ್ರೆ ದಾಖಲಿಸುವ ಪ್ರಕರಣಕ್ಕೆ ಎಂಎಲ್‌ಸಿ ಎನ್ನುತ್ತಾರೆ, ಅದರ ಸಂಖ್ಯೆ ಬರೆದುಕೊಳ್ಳಿ. ಗಾಯದ ಫೋಟೊ ಎರಡು ಬಗೆಯಲ್ಲಿರಲಿ: ಮುಖವೂ ಕಾಣುವ ದೂರದ್ದು, ಗಾಯದ ಹತ್ತಿರದ್ದು. ಬಾಸುಂಡೆಯ ಬಣ್ಣ ದಿನ ಕಳೆದಂತೆ ಬದಲಾಗುತ್ತದೆ, ನಾಲ್ಕೈದು ದಿನ ದಿನಕ್ಕೊಮ್ಮೆ ತೆಗೆಯಿರಿ. ರಕ್ತವಾದ ಬಟ್ಟೆ ಒಗೆಯಬೇಡಿ. ಒಣಗಿಸಿ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್‌ನಲ್ಲಿ ಕೆಡುತ್ತದೆ.

ಆಮೇಲೆ ಸಿಸಿಟಿವಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಕ್ಯಾಮೆರಾ ಹಾಕಲು, ದೃಶ್ಯವನ್ನು 18 ತಿಂಗಳು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ 1 ವರ್ಷ ಇಡಲು ಆದೇಶಿಸಿತು. ಕ್ಯಾಮೆರಾದ ಹೊಣೆ ಠಾಣಾಧಿಕಾರಿಯದು. "ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯವರೆಗೆ, ಪ್ರವೇಶದ್ವಾರ, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿಯ ದೃಶ್ಯವನ್ನು ಅಳಿಸದೆ ಕಾಪಾಡಿ" ಎಂದು ಠಾಣಾಧಿಕಾರಿಗೂ ಎಸ್‌ಪಿ ಅಥವಾ ಕಮಿಷನರಿಗೂ ಮೊದಲ ವಾರದಲ್ಲೇ ಬರೆಯಿರಿ. "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬಂದರೂ ಅದು ಬರಹದಲ್ಲಿ ಬರಲಿ. ಯಾವಾಗಿನಿಂದ ಕೆಟ್ಟಿತ್ತು, ಮೇಲಿನವರಿಗೆ ಯಾವಾಗ ತಿಳಿಸಿದ್ದರು ಎಂಬ ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ದೂರು ಕೊಡುವ ಜಾಗಗಳು ಹಲವು. ಅಪರಾಧಕ್ಕೆ ಶಿಕ್ಷೆಯಾಗಬೇಕಾದರೆ ದಾರಿ ಮ್ಯಾಜಿಸ್ಟ್ರೇಟರದೇ. ತಪ್ಪೊಪ್ಪಿಸಲು ಹೊಡೆಯುವುದು ಬಿಎನ್‌ಎಸ್ ಕಲಂ 120ರ ಅಪರಾಧ. ಇಲ್ಲಿ ಎಚ್ಚರ ಬೇಕು: ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 170 ಸರ್ಕಾರದ ಪೂರ್ವಾನುಮತಿ ಕೇಳುತ್ತದೆ, 1 ವರ್ಷದ ಗಡುವೂ ಇದೆ. ಆದ್ದರಿಂದ ವಕೀಲರನ್ನು ಮೊದಲ ತಿಂಗಳಲ್ಲೇ ಕಾಣಿರಿ.

ಇಲಾಖಾ ಕ್ರಮ ಬೇಕಾದರೆ ಪೊಲೀಸ್ ದೂರು ಪ್ರಾಧಿಕಾರ. ಪ್ರಕಾಶ್ ಸಿಂಗ್ ಪ್ರಕರಣದ 2006ರ ತೀರ್ಪಿನ ಬೆನ್ನಿಗೆ ಬಂದ ವ್ಯವಸ್ಥೆ ಇದು. ಕರ್ನಾಟಕದಲ್ಲಿ 2012ರ ತಿದ್ದುಪಡಿಯಿಂದ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಇದಕ್ಕೆ ಅವಕಾಶವಾಯಿತು. ಡಿವೈಎಸ್‌ಪಿ ಹುದ್ದೆಯವರೆಗಿನವರ ಮೇಲಿನ ದೂರು ಜಿಲ್ಲೆಗೆ, ಅದಕ್ಕೂ ಮೇಲಿನವರದು ರಾಜ್ಯ ಪ್ರಾಧಿಕಾರಕ್ಕೆ. ಠಾಣೆಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದುರ್ನಡತೆ ಇದರ ವ್ಯಾಪ್ತಿ. ಬೈದರು, ಕಾಯಿಸಿದರು ಎಂಬುದಕ್ಕೆ ಎಸ್‌ಪಿ ಕಚೇರಿಯೇ ಸರಿ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ, ಅಂಚೆಯಲ್ಲಿ ಬರೆಯಬಹುದು. ಘಟನೆಯಾಗಿ 1 ವರ್ಷ ಮೀರಿರಬಾರದು. ರಾಷ್ಟ್ರೀಯ ಆಯೋಗಕ್ಕೂ ರಾಜ್ಯ ಆಯೋಗಕ್ಕೂ ಒಟ್ಟಿಗೆ ಬರೆದರೆ ಒಂದರಲ್ಲಿ ಬಾಕಿ ಇದೆ ಎಂದು ಇನ್ನೊಂದು ಮುಚ್ಚುತ್ತದೆ, ಒಂದನ್ನೇ ಆರಿಸಿಕೊಳ್ಳಿ.

ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರು. ಮಂಗಳೂರು, ಉಡುಪಿ ಎರಡರಲ್ಲೂ ಅವರ ಠಾಣೆಗಳಿವೆ. ಹಣ ಕೊಡುವ ಮೊದಲೇ ಹೋಗಬೇಕು, ಕೊಟ್ಟ ಮೇಲೆ ಹಿಡಿಯುವುದು ಕಷ್ಟ. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ತಿಳಿಸಿ, ಇಲ್ಲದಿದ್ದರೆ ಕೊಟ್ಟವರೂ ತಪ್ಪಿತಸ್ಥರಾಗುತ್ತಾರೆ.

8. ನಂತರ ಹಿಂಬಾಲಿಸುವುದು

ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೂ ಸಂತ್ರಸ್ತರಿಗೂ ತಿಳಿಸಬೇಕು ಎನ್ನುತ್ತದೆ ಕಲಂ 193(3). ತಿಳಿಸದಿದ್ದರೆ ಆ ಕಲಂ ಉಲ್ಲೇಖಿಸಿ ತನಿಖಾಧಿಕಾರಿಗೆ ಪತ್ರ ಬರೆಯಿರಿ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು 2016ರ ಆದೇಶವಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವು ಕರ್ನಾಟಕ ಪೊಲೀಸ್ ತಾಣದಲ್ಲಿ ಸಿಗುತ್ತವೆ. ನಿಮ್ಮ ಮೇಲೆ ದೂರಿದೆಯೇ ಎಂಬುದನ್ನೂ ಅಲ್ಲೇ ನೋಡಬಹುದು.

ಕೊಟ್ಟ ಅರ್ಜಿಗೆ ಹಿಂಬರಹವೇ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಪುಟಗಟ್ಟಲೆ ಬರೆದು ತಿರಸ್ಕೃತವಾಗುವವರು ಹೆಚ್ಚು. "ನನ್ನ ಇಂಥ ದಿನಾಂಕದ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳ ಪ್ರತಿ" ಎಂದಷ್ಟೇ ಕೇಳಿ. ಉತ್ತರಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಉತ್ತರ ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ.

ವಕೀಲರ ಖರ್ಚಿಗೆ ಹೆದರಿ ಕೈಬಿಡುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಪೊಲೀಸ್ ಅಥವಾ ಜೈಲು ವಶದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇದೆ, ಸಹಾಯವಾಣಿ 15100. ಹೋಗುವಾಗ ಗುರುತಿನ ಚೀಟಿಯ ಜೊತೆ ದೂರಿನ ಎರಡನೇ ಪ್ರತಿ, ಅಂಚೆ ರಶೀದಿ, ಹಿಂಬರಹ, ಎಂಎಲ್‌ಸಿ ಸಂಖ್ಯೆ, ಬಂಧನ ಪತ್ರ ಇವುಗಳಲ್ಲಿ ಇರುವಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಿರಿ.